ಲಕ್ಷ್ಮಣಪ್ಪನ ಮನೆ ಮಿಕ್ಸಿ

ಪಟ್ಟಂದೂರು ಅಗ್ರಹಾರದಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಲಕ್ಷ್ಮಣಪ್ಪನ ರಿಪೇರಿ ಅಂಗಡಿಗೇ ಬರಬೇಕು. ಅವನ ಸ್ವಂತ ಮನೆಯದೂ ಬಂದಿತ್ತು. ಬಂದು ಏಳು ತಿಂಗಳಾಗಿತ್ತು, ಅಷ್ಟೇ. ದೀಪದ ಬುಡದಲ್ಲಿ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ‘ನಾಳೆ, ನಾಳೆ’ ಕೇಳಿ ರೋಸಿಹೋದ ಹೆಂಡತಿ ವೇಣಿ ಅವತ್ತು ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು.

“ಸಂಜೆಯೊಳಗೆ ನೀವು ಮಿಕ್ಸಿ ತಂದ್ರೆ ಸರಿ. ಇಲ್ದಿದ್ರೆ ಒರಳಲ್ಲಿ ಇಡ್ಲಿಹಿಟ್ಟು ರುಬ್ಬೋದು ಇನ್ಮೇಲೆ ನಿಮ್ಮ ಕೆಲಸ.”

ಅಂಗಡಿಗೆ ಹೋಗಿ ನೋಡಿದರೆ ಮಿಕ್ಸಿ ಎಲ್ಲಿ? ಫ್ಯಾನು, ಗೀಸರುಗಳ ಗುಡ್ಡದೊಳಗೆ ಎಲ್ಲೋ. ಇಸ್ತ್ರಿಪೆಟ್ಟಿಗೆ ಕೇಳಲು ಬಂದ ರುದ್ರೇಶ್, ಮಹಡಿಮನೆಯ ಬಾಡಿಗೆದಾರ, ಐಟಿ ಪಾರ್ಕಿನವನು, ಆ ಅವಸ್ಥೆ ನೋಡಲಾರದೆ ತಾನೇ ಎಲ್ಲ ಓರಣವಾಗಿ ಜೋಡಿಸಿಕೊಡುತ್ತೇನೆಂದು ಅಂಗಿಯ ತೋಳು ಮಡಚಿದ. ಪಕ್ಕದ ಮನೆಯ ಮುನಿಯಕ್ಕ ಯಾರೂ ಕರೆಯದೆ ಪೊರಕೆ ಹಿಡಿದು ಬಂದಳು.

ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮದುವಣಗಿತ್ತಿಯ ಹಾಗಿತ್ತು. ಫ್ಯಾನುಗಳು ಒಂದು ಕಡೆ, ಗೀಸರುಗಳು ಒಂದು ಕಡೆ, ಆರು ಬಿಳಿ ಮಿಕ್ಸಿಗಳು ಸಾಲಾಗಿ. ಆದರೆ ಅವುಗಳ ಮೇಲಿದ್ದ ಗಿರಾಕಿಗಳ ಹೆಸರಿನ ಚೀಟಿಗಳನ್ನು ರುದ್ರೇಶ್ ಕಸವೆಂದು ಕಿತ್ತು, ಒರೆಸಿ ಫಳಫಳ ಮಾಡಿಟ್ಟಿದ್ದ. ಲಕ್ಷ್ಮಣಪ್ಪ ಒಂದೊಂದನ್ನೇ ತಿರುಗಿಸಿ ನೋಡಿದ. ತನ್ನ ಮನೆಯ ಅಡುಗೆಮನೆಗೆ ಕಾಲಿಟ್ಟವನೇ ಅಲ್ಲ. ಆರರಲ್ಲಿ ತನ್ನದು ಯಾವುದೆಂದು ಯಾರನ್ನು ಕೇಳುವುದು? ಹೆಂಡತಿಯನ್ನಂತೂ ಕೇಳುವ ಹಾಗಿಲ್ಲ.

ಅಷ್ಟರಲ್ಲಿ ಮುನಿಯಕ್ಕ ಒಂದು ಮಿಕ್ಸಿ ತಂದು ಮೇಜಿನ ಮೇಲೆ ಕುಕ್ಕಿದಳು.

“ಮದ್ಲು ಇದ್ನ ಮಾಡ್ಕೊಡಪ್ಪ. ಇಲ್ಲೇ ನಿಂತಿರ್ತೀನಿ.”

ಮುನಿಯಕ್ಕನ ಬಾಯಿಗೆ ಹೆದರದವರು ಅಗ್ರಹಾರದಲ್ಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮಿಕ್ಸಿ ಸರಿಯಾಯಿತು, ಅವಳು ಹೊತ್ತು ನಡೆದಳು. ಲಕ್ಷ್ಮಣಪ್ಪ ಫೋನು ಮಾಡಿ ಕರೆಸಿದ ಉಳಿದ ಗಿರಾಕಿಗಳು ಬಂದು ಒಡೆದ ಬಟನ್ನು, ಹೋಗದ ಅರಿಶಿನದ ಕಲೆ ನೋಡಿ ತಮ್ಮ ತಮ್ಮದನ್ನು ಗುರುತು ಹಿಡಿದು, ರಿಪೇರಿ ಮಾಡಿಸಿಕೊಂಡು ಒಯ್ದರು. ಕೊನೆಗೆ ಒಂದು ಉಳಿಯಿತು. ಕೇಳುವವರಿಲ್ಲವೆಂದ ಮೇಲೆ ಅದು ತನ್ನದೇ. ಲಕ್ಷ್ಮಣಪ್ಪ ಅದನ್ನೂ ರಿಪೇರಿ ಮಾಡಿ, ಕಂಕುಳಲ್ಲಿ ಅವುಚಿಕೊಂಡು, ಗೆದ್ದ ಸಂಭ್ರಮದಲ್ಲಿ ಮನೆಗೆ ಬಂದ.

ಒಳಗೆ ಆಗಲೇ ಮಿಕ್ಸಿ ಗರ್ರೆನ್ನುತ್ತಿತ್ತು. ಮುನಿಯಕ್ಕ ಕಾಫಿ ಕುಡಿಯುತ್ತ ಕೂತಿದ್ದಳು.

“ಏಳು ತಿಂಗಳು ಹೆಂಡ್ತಿ ಹೇಳಿದ್ದು ಆಗ್ಲಿಲ್ಲ,” ಅಂದಳು ವೇಣಿ. “ಮುನಿಯಕ್ಕನ್ನ ಕಳಿಸ್ದೆ. ಇಪ್ಪತ್ತೇ ನಿಮಿಷ.”

“ಹಂಗಾದ್ರೆ ಇದ್ಯಾರ್ದು?”

“ನಂದು ಕಣಪ್ಪ,” ಮುನಿಯಕ್ಕ ಎದ್ದು ಅವನ ಕಂಕುಳಿಂದ ಮಿಕ್ಸಿ ಎಳೆದುಕೊಂಡಳು. “ಅಂಗ್ಡೀಗೆ ಕೊಟ್ಟು ಮೂರು ತಿಂಗ್ಳಾಯ್ತು.”

ಅಂತೂ ಎಲ್ಲರದೂ ಮನೆ ಸೇರಿತಲ್ಲ ಎಂದು ಲಕ್ಷ್ಮಣಪ್ಪ ಹಲ್ಲು ಕಿರಿದ. ವೇಣಿ ನೆನೆಸಿಟ್ಟ ಉದ್ದಿನಬೇಳೆಯ ಪಾತ್ರೆ ತಂದು ಅವನ ಮುಂದಿಟ್ಟಳು.

“ನೀವು ತಂದ್ರೆ ಅಂದಿದ್ದೆ. ತಂದಿದ್ದು ಮುನಿಯಕ್ಕ.”

ಮಿಕ್ಸಿಯ ಚಟ್ನಿ ರುಚಿಯಾಗಿಯೇ ಇತ್ತು. ಅದನ್ನು ನಂಚಿಕೊಂಡು ಎರಡು ಮುದ್ದೆ ಉಂಡು, ಲಕ್ಷ್ಮಣಪ್ಪ ಒರಳಿನ ಮುಂದೆ ಕೂತ.