ಡಬ್ಬಿಯೊಳಗೆ ಆಷಾಢವಿರಲಿಲ್ಲ

ಎಪ್ಪತ್ತರ ದಶಕದ ನಡುವೆ, ಒಂದು ಆಷಾಢದ ಮಧ್ಯಾಹ್ನ ನಾನು ನಿಂತಿದ್ದದ್ದು ಚಿತ್ರದುರ್ಗದ ನಮ್ಮ ಮಂಡಕ್ಕಿ ಭಟ್ಟಿಗೂ ಅದಕ್ಕೆ ಅಂಟಿಕೊಂಡಿದ್ದ ಮನೆಗೂ ನಡುವಿನ ಹೊಸ್ತಿಲ ಮೇಲೆ. ಬಲಗಾಲು ಭಟ್ಟಿಯ ಕಡೆ, ಎಡಗಾಲು ಮನೆಯ ಕಡೆ. ಇಷ್ಟು ಖಚಿತವಾಗಿ ಹೇಳದಿದ್ದರೆ ಮುಂದಿನದನ್ನು ನೀವು ನಂಬುವುದಿಲ್ಲ. ನಮ್ಮ ಸೋದರಮಾವ ಸೀಮೆಎಣ್ಣೆ ಡಬ್ಬಿಯಲ್ಲಿ ಗಾಳಿ ಸಾಕಿದ್ದ!

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಜೇಬಿನಲ್ಲಿ ಸದಾ ಊದುಬತ್ತಿ. ದೇವರಿಗಲ್ಲ, ಹೋದಲ್ಲೆಲ್ಲ ಒಂದು ಕಡ್ಡಿ ಹಚ್ಚಿ, ಹೊಗೆ ಎತ್ತ ಬಾಗುತ್ತದೆಂದು ನೋಡುತ್ತ ನಿಲ್ಲುವುದಕ್ಕೆ. ಹೊಸದುರ್ಗದ ಬಸ್ಸಿನಲ್ಲಿ ಹಾಗೆ ಹಚ್ಚಿದಾಗ ಮುದುಕಿಯೊಬ್ಬಳು ಕೈಮುಗಿದು ಎದ್ದು ಜಾಗ ಬಿಟ್ಟಳಂತೆ. ಕಂಡಕ್ಟರ್ ಮಾತ್ರ, "ಪೂಜೆ ಆಗಿದ್ರೆ ಟಿಕೇಟ್ ತಗಳ್ರಿ ಸ್ವಾಮೇರೆ" ಅಂದನಂತೆ. ಹೊಳಲ್ಕೆರೆಗೆ ಹೆಣ್ಣು ನೋಡಲು ಕರೆದೊಯ್ದರೆ, ಹುಡುಗಿಯನ್ನು ಬಿಟ್ಟು ಅವರ ಅಡುಗೆಮನೆಯ ಹೊಗೆ ಎತ್ತ ಹೋಗುತ್ತದೆಂದು ನೋಡಿದ. ಸಂಬಂಧವೂ ಅತ್ತಲೇ ಹೋಯಿತು.

ನಗುವ ಮೊದಲು ಅವ್ವನ ವಿಷಯ ಹೇಳಬೇಕು. ಅವ್ವ ಅವನ ಅಕ್ಕ. ತಾಯಿ ತೀರಿಕೊಂಡ ಮೇಲೆ ಎಳೆಗೂಸು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಈ ಮನೆಗೆ ಸೊಸೆಯಾಗಿ ಬಂದವಳು. ಆ ವರ್ಷದ ಬೇಸಿಗೆಯಲ್ಲಿ, ಬಾಣಲೆಯ ಬಿಸಿ ಮರಳು ತಿರುವುತ್ತಿದ್ದವಳು ಅಲ್ಲೇ ಹಿಂದಕ್ಕೆ ಕುಸಿದಳು. ಇನ್ನೊಮ್ಮೆ ಕುಸಿದರೆ ಉರಿಯ ಮೇಲೆ ಬೀಳದೆ ಹಿಂದಕ್ಕೇ ಬೀಳುತ್ತಾಳೆಂದು ಯಾರು ಹೇಳಬಲ್ಲರು? ಡಾಕ್ಟರು ಭಟ್ಟಿ ಬಿಡಿ ಎಂದರು. ಹಿರಿಯೂರಿನಲ್ಲಿ ನೌಕರಿಗಿದ್ದ ನಾನೂ ಅದನ್ನೇ ಅಂದೆ.

"ಉರಿ ಮುಂದೆ ಕುಂತೇ ನಿಮ್ಮನ್ನ ಸಾಕೀನಿ. ಈಗ ಉರಿಗೆ ಹೆದರ್ಲಾ?" ಅಂದಳು.

ನಡುವಿನ ಬಾಗಿಲು ತೆರೆದರೆ ಹೊಗೆ ಮನೆಯನ್ನೆಲ್ಲ ತುಂಬುತ್ತಿತ್ತು. ಮುಚ್ಚಿದರೆ ಭಟ್ಟಿಯೊಳಗೆ ಅವ್ವನಿಗೆ ಉಸಿರು ಕಟ್ಟುತ್ತಿತ್ತು. ನಾವು ಬಾಗಿಲಿಗಾಗಿ ಜಗಳವಾಡುತ್ತಿದ್ದೆವು. ಮಾವ ಮಾತ್ರ, ಎರಡು ಕೋಣೆ ಅನ್ನುವುದು ನಮ್ಮ ಲೆಕ್ಕ, ಗಾಳಿಗೆ ಅದೆಲ್ಲ ಒಂದೇ ಮನೆ ಎಂದು ಹೇಳಿ ಡಬ್ಬಿ ಹುಡುಕಲು ಹೋದ.

ಡಬ್ಬಿಯನ್ನು ಅಡ್ಡ ಮಲಗಿಸಿ, ಒಂದು ಮಗ್ಗುಲು ಕತ್ತರಿಸಿ, ಹಳೆಯ ಫೋಟೋದ ಗಾಜು ಕೂರಿಸಿದ. ನಡುವೆ ತಗಡಿನ ಗೋಡೆ, ಅದರಲ್ಲೊಂದು ಬಾಗಿಲು. ಬುಡ್ಡಿದೀಪವೇ ಭಟ್ಟಿ, ಊದುಬತ್ತಿಯ ಹೊಗೆಯೇ ಗಾಳಿ, ದೀಪದ ಮುಂದೆ ನೆಟ್ಟ ಮೊಳೆಯೇ ಅವ್ವ. ಕಾವು ಎಲ್ಲಿ ಹೆಚ್ಚೆಂದು ತಿಳಿಯಲು ಅಲ್ಲಲ್ಲಿ ಮೇಣದ ಹನಿ ಅಂಟಿಸಿದ. ನಡುಗೋಡೆಗೆ ಮನೆಯ ಕಡೆಯಿಂದ ಅಂಟಿಸಿದ್ದ ಮೇಣವೇ ಮೊದಲು ಕರಗಿಬಿಟ್ಟಿತು! ಮಾವ ಗಾಬರಿಯಾಗಿ, ಆ ಗೋಡೆ ಪಕ್ಕದಲ್ಲಿದ್ದ ಅವ್ವನ ಹಾಸಿಗೆಯನ್ನು ಬೀದಿ ಬಾಗಿಲಿಗೆ ಸಾಗಿಸಿದ. ಅವ್ವ ಬಂದು ಡಬ್ಬಿಯನ್ನು ಬೆರಳಿನಿಂದ ತಟ್ಟಿದಳು.

"ನಮ್ಮನೆ ಗ್ವಾಡೆ ಮಣ್ಣಿಂದು ಕಣಪ್ಪ, ತಗಡಿಂದಲ್ಲ."

ಅಂದೇ ತಗಡು ಕಿತ್ತು ಹುತ್ತದ ಮಣ್ಣಿನ ಗೋಡೆ ಕಟ್ಟಿದ. ಭಟ್ಟಿಯ ಹೊರಗೋಡೆಯಲ್ಲಿ ಕಿಂಡಿಗಳನ್ನು ಅಲ್ಲಿ ಕೊರೆದ, ಇಲ್ಲಿ ಮುಚ್ಚಿದ. ಕೊನೆಗೆ ನೆಲದ ಹತ್ತಿರ ಒಂದು, ಮಾಡಿನ ಕೆಳಗೊಂದು ಉಳಿದವು. ತಂಪು ಕೆಳಗಿನಿಂದ ಬಂತು, ಕಾವು, ಹೊಗೆ ಎರಡೂ ಮೇಲಿನಿಂದ ಹೊರಟುಹೋದವು, ನಡುವಿನ ಬಾಗಿಲ ಕಡೆ ತಿರುಗಿಯೂ ನೋಡದೆ.

ಭಟ್ಟಿಯ ನಿಜವಾದ ಗೋಡೆ ಕೊರೆದದ್ದು ಆ ಆಷಾಢದ ಮಧ್ಯಾಹ್ನ. ಮೇಲಿನ ಕಿಂಡಿ ಆಗಿತ್ತು. ಕೆಳಗಿನ ಕಿಂಡಿಯ ಕೊನೆಯ ಮಣ್ಣಿನ ಹೆಂಟೆಯನ್ನು ಮಾವ ಕಿತ್ತದ್ದೇ ತಡ, ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಒಳಗೆ ನುಗ್ಗಿತು. ಆಗಷ್ಟೇ ಜರಡಿ ಹಿಡಿದಿದ್ದ ಮಂಡಕ್ಕಿಯ ರಾಶಿ ಎದ್ದು, ನನ್ನ ಎರಡು ಕಾಲುಗಳ ನಡುವೆ ಹಾಯ್ದು, ಮನೆ ದಾಟಿ ಬೀದಿಗೆ ಹೊರಟಿತು. ಹಾದುಹೋಗುತ್ತಿದ್ದ ಕುರಿಮಂದೆ ಅಲ್ಲೇ ನಿಂತು ಊಟಕ್ಕೆ ಕೂತಿತು. ಅಕ್ಕಿಗೆ ಉಪ್ಪುನೀರು ಬೆರೆಸಿ ಕೊಡುತ್ತಿದ್ದ ಕೆಲಸದ ನಿಂಗಕ್ಕ ಕೈ ನಿಲ್ಲಿಸಿದಳು.

"ಗಾಳಿಗೆ ಹಸಿವಾಗಿತ್ತೇನ್ರಿ ಮಾಸ್ತರೇ?"

ಡಬ್ಬಿಯೊಳಗೆ ಭಟ್ಟಿ ಇತ್ತು, ಗೋಡೆ ಇತ್ತು, ಅವ್ವ ಇದ್ದಳು. ಆಷಾಢವೊಂದು ಇರಲಿಲ್ಲ.

ನಾನು ನಕ್ಕೆ. ಮಾವ ನಗಲಿಲ್ಲ. ಒಂದು ಚಪ್ಪಡಿಯನ್ನು ಎಳೆದು ತಂದು ಕಿಂಡಿಯ ಮುಂದೆ, ತುಸು ಅಂತರ ಬಿಟ್ಟು ನಿಲ್ಲಿಸಿದ. ಗಾಳಿ ಅದಕ್ಕೆ ಬಡಿದು, ಇಬ್ಭಾಗವಾಗಿ, ನೆಲ ಸವರುತ್ತ ಬಂತು. ಊದುಬತ್ತಿ ಹಚ್ಚಿ ಅವ್ವನ ಮುಖದ ಪಕ್ಕ ಹಿಡಿದ. ಹೊಗೆ ಮೊದಲು ಅವಳ ಕೆನ್ನೆಯ ಕಡೆಗೇ ಬಾಗಿತು. ಆಮೇಲೆ ನಿಧಾನವಾಗಿ ತಿರುಗಿ, ಬಾಣಲೆಯ ಮೇಲೆ ಏರಿ, ಮಾಡಿನ ಕೆಳಗಿನ ಕಿಂಡಿಯಲ್ಲಿ ಹೊರಟುಹೋಯಿತು.

ಅವ್ವ ಬಾಯಿ ಮೂಗಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಉರಿಯುವ ಭಟ್ಟಿಯ ಮುಂದೆ ಅವಳ ಇಡೀ ಮುಖವನ್ನು ನಾನು ಕಂಡದ್ದು ಅಂದೇ ಮೊದಲು.

"ನಿನ್ ತೊಟ್ಲು ಇಲ್ಲೇ ಕಟ್ಟಿದ್ದೆ ಕಣೋ," ಅಂದಳು ತಮ್ಮನಿಗೆ. "ಕಾವು ತಾಕ್ತೈತೆ ಅಂತ ನಾನು ಅಡ್ಡ ಕುಂತ್ಕಂತಿದ್ದೆ."

"ಗೊತ್ತೈತಕ್ಕ," ಅಂದ ಮಾವ.

ಅವ್ವ ಆಮೇಲೂ ಬಹುಕಾಲ ಅದೇ ಬಾಣಲೆಯ ಮುಂದೆ ಕೂತಳು, ಮತ್ತೆ ಕುಸಿಯಲಿಲ್ಲ. ಈಗ ಅವಳಿಲ್ಲ, ಮಾವನೂ ಇಲ್ಲ. ಅಂದು ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದಿರುವವಳು ನಿಂಗಕ್ಕ. ರಾಮಗಿರಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಕಾಣುವುದಿಲ್ಲ. ಭಟ್ಟಿ ಆರಿ ಎಷ್ಟೋ ಕಾಲವಾಯಿತೆಂದು ಅವಳಿಗೆ ಗೊತ್ತು. ಆದರೂ ನನ್ನ ದನಿ ಕೇಳಿದ ಕೂಡಲೇ ಅವಳು ಕೇಳುವುದು ಒಂದೇ ಮಾತು:

"ಕಿಂಡಿ ಮುಚ್ಚಿಲ್ಲ ತಾನೇ?"

ಮುಚ್ಚಿಲ್ಲ, ನಿಂಗಕ್ಕ.