ಗೋಲಿ ಗುಂಡಿಗೆ ಬೀಳದ ಹಾಗೆ ಆಡುವ ಕ್ರಮ

ಇನ್ನೊಬ್ಬರು ಕೆಲಸ ಮಾಡುವಾಗ ಕೈಕಟ್ಟಿ ನೋಡುತ್ತ ನಿಲ್ಲುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಪಕ್ಕದ ಮನೆಯವರು ಬಾವಿಯ ಕೊಡಕ್ಕೆ ಹಗ್ಗ ಕಟ್ಟುತ್ತಿದ್ದರೆ ಬೇಲಿಯಾಚೆಯಿಂದಲೇ ‘ಆ ಗಂಟು ಜಾರುತ್ತೆ’ ಎನ್ನುತ್ತೇನೆ. ಮಗಳು ಹಲಸಿನಹಣ್ಣು ಬಿಡಿಸಲು ಕೂತರೆ, ಅವಳು ಕೈಗೆ ಹಚ್ಚಿಕೊಂಡ ಎಣ್ಣೆ ಸಾಲದೆಂದು ಚಾಕು ಕಿತ್ತುಕೊಳ್ಳುತ್ತೇನೆ. ಇದಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣವಿರಬೇಕು. ಕೊಪ್ಪದ ಬಸ್ ನಿಲ್ದಾಣದಲ್ಲಿ ನಾನು ಖಾಸಗಿ ಬಸ್ಸುಗಳ ಟೈಂಕೀಪರ್. ಸ್ಟಿಯರಿಂಗ್ ಮುಟ್ಟಿದವನಲ್ಲ. ಆದರೆ ಇಲ್ಲೇ ಪಕ್ಕದ ನಾರ್ವೆ ಹಳ್ಳಿಯ ಬಸ್ಸು ಇನ್ನೂ ಯಾಕೆ ಹೊರಟಿಲ್ಲ, ಶೃಂಗೇರಿ ಬಸ್ಸು ಯಾಕೆ ಅಡ್ಡ ನಿಂತಿದೆ ಎಂದು ಓಡಿಸುವವರಿಗೆ ಹೇಳುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಹೀಗೆ ಹೇಳಿ ಹೇಳಿ ಪಳಗಿದ ಬಾಯಿ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಸುಮ್ಮನಿದ್ದಿದ್ದರೆ ನನ್ನ ಹೆಂಡತಿ ಗಿರಿಜೆಯ ಬಲಗೈ ಇಷ್ಟು ಹೊತ್ತಿಗೆ ನೆಟ್ಟಗಾಗಿರುತ್ತಿತ್ತು. ಅದನ್ನು ಯಾರ ಹತ್ತಿರವಾದರೂ ಒಪ್ಪಿಕೊಳ್ಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಗಿರಿಜೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳು ಅಳತೆ ತೆಗೆದ ರವಿಕೆಗೆ ಎರಡನೇ ಸಲ ಕತ್ತರಿ ತಾಗಿಸುವ ಪ್ರಸಂಗ ಬಂದದ್ದಿಲ್ಲ. ಅಂಥವಳು ಒಂದು ದಿನ ಸ್ಟೂಲಿನ ಮೇಲೆ ನಿಂತು ಅಟ್ಟಣಿಗೆಯಿಂದ ಮಿಡಿ ಉಪ್ಪಿನಕಾಯಿಯ ಜಾಡಿ ಇಳಿಸಲು ಹೋಗಿ ಬಿದ್ದಳು. ಜಾಡಿಯನ್ನು ಎಡಗೈಯಲ್ಲಿ ಎದೆಗೆ ಅವಚಿಕೊಂಡು ಬಲಗೈ ಊರಿದಳು. ಜಾಡಿ ಉಳಿಯಿತು, ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿ, ಬಿಚ್ಚಿ, ಎಲ್ಲ ಆದ ಮೇಲೆ ನೋಡಿದರೆ ಕೈ ಬೆರಳೆಲ್ಲ ಮಡಚುತ್ತದೆ, ಬಿಡಿಸುತ್ತದೆ, ಆದರೆ ಅಂಗೈ ಪೂರ್ತಿ ಮೇಲ್ಮುಖವಾಗಿ ತಿರುಗುವುದಿಲ್ಲ. ಅರ್ಧ ತಿರುಗಿ, ಹೆಬ್ಬೆರಳಿನ ಕಡೆ ಎತ್ತರ, ಕಿರುಬೆರಳಿನ ಕಡೆ ತಗ್ಗಾಗಿ ಓರೆಯಾಗಿ ನಿಂತುಬಿಡುತ್ತದೆ. ನರಸಿಂಹರಾಜಪುರದಲ್ಲಿ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರೊಬ್ಬರಿದ್ದಾರೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರ ಹತ್ತಿರ ಕರೆದುಕೊಂಡು ಹೋದೆ. ಇನ್ನು ಒಂದೂವರೆ ತಿಂಗಳು ಮುಖ್ಯ, ಅಷ್ಟರೊಳಗೆ ತಿರುಗಿಸಿದರೆ ತಿರುಗಿತು, ಆಮೇಲೆ ಕೈ ಹಠ ಹಿಡಿಯುತ್ತದೆ ಎಂದರು. ಒಣ ವ್ಯಾಯಾಮ ಯಾರಿಗೂ ರುಚಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಒಂದು ಉಪಾಯ ಹೇಳಿದರು. ಮನೆಯಲ್ಲಿ ಟ್ಯಾಬ್ ಇದ್ದರೆ ಅದಕ್ಕೆ ಗೋಲಿಯಾಟ ಹಾಕಿಕೊಳ್ಳುವುದು. ಟ್ಯಾಬನ್ನು ಬಲ ಅಂಗೈಯ ಮೇಲೆ ಊಟದ ತಟ್ಟೆಯ ಹಾಗೆ ಇಟ್ಟು, ಜಾರದಂತೆ ಎಡಗೈಯ ಎರಡು ಬೆರಳು ಕೊಟ್ಟು, ದಿನಕ್ಕೆ ಮೂರು ಹೊತ್ತು ಆಡುವುದು. ಗಿರಿಜೆ ತನಗೆ ಆಟಗೀಟ ಬರುವುದಿಲ್ಲ ಎಂದು ನಾಚಿಕೊಂಡಾಗ ಆ ಡಾಕ್ಟರ್ ಹುಡುಗಿ ಹೇಳಿದ ಮಾತು ಇದು: “ಗೋಲಿ ಎಷ್ಟು ಸಲ ಬಿದ್ರೂ ಪರವಾಗಿಲ್ಲ ಅಮ್ಮ. ನಿಮ್ಮ ಅಂಗೈ ಆಕಾಶ ನೋಡ್ಬೇಕು, ಅಷ್ಟೇ.” ನಾನೂ ಅಲ್ಲೇ ಕೂತಿದ್ದೆ. ಎರಡು ಕಿವಿಯಿಂದಲೂ ಕೇಳಿಸಿಕೊಂಡಿದ್ದೆ.

ಮಗಳು ಹೈಸ್ಕೂಲಿನಲ್ಲಿದ್ದಾಗ ಆನ್‌ಲೈನ್ ಪಾಠಕ್ಕೆಂದು ಕೊಂಡಿದ್ದ ಟ್ಯಾಬ್ ಕಪಾಟಿನಲ್ಲಿತ್ತು. ಈಗ ಡಿಗ್ರಿ ಓದುತ್ತಿರುವ ಅವಳೇ ಅದಕ್ಕೆ ಆಟ ಇಳಿಸಿ ಕೊಟ್ಟಳು. ಪರದೆಯ ಮೇಲೆ ಮರದ ಹಲಗೆಯಂಥ ಒಂದು ಚೌಕ. ಅದರೊಳಗೆ ದಾರಿ ಗೊತ್ತಾಗದ ಹಾಗೆ ಅಡ್ಡಡ್ಡ ಗೋಡೆಗಳು, ಅಲ್ಲಲ್ಲಿ ಕಪ್ಪು ಗುಂಡಿಗಳು, ಒಂದು ಮೂಲೆಯಲ್ಲಿ ಉಕ್ಕಿನ ಗೋಲಿ. ಟ್ಯಾಬನ್ನು ಯಾವ ಕಡೆ ವಾಲಿಸಿದರೆ ಆ ಕಡೆಗೆ ಗೋಲಿ ಉರುಳುತ್ತದೆ. ಗುಂಡಿಗೆ ಬೀಳಿಸದೆ ಇನ್ನೊಂದು ಮೂಲೆಯ ಬಾವುಟಕ್ಕೆ ಮುಟ್ಟಿಸಿದರೆ ಒಂದು ಮಜಲು ಮುಗಿಯಿತು. ಗಿರಿಜೆಯ ಓರೆ ಅಂಗೈಯ ಮೇಲೆ ಇಟ್ಟೊಡನೆ ಗೋಲಿ ಎಡಕ್ಕೆ ಉರುಳಿ ಮೊದಲನೇ ಗುಂಡಿಗೆ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಹಲ್ಲು ಕಚ್ಚಿ ಕೈ ತಿರುಗಿಸುತ್ತಿದ್ದಳು, ನೋವಿಗೆ ಹಣೆಯ ಮೇಲೆ ಬೆವರು ಕೂಡುತ್ತಿತ್ತು. ಎಳ್ಳಷ್ಟು ತಿರುಗಿದಾಗ ಗೋಲಿ ಎಳ್ಳಷ್ಟು ತಡೆದು ಬೀಳುತ್ತಿತ್ತು. ಈಗ ಯೋಚಿಸಿದರೆ ಆ ಎಳ್ಳಷ್ಟೇ ಔಷಧ. ಆದರೆ ನನ್ನ ಕಣ್ಣಿಗೆ ಕಂಡದ್ದು ಬೀಳುವ ಗೋಲಿ ಮಾತ್ರ. ‘ಹಾಗಲ್ಲ ಮಾರಾಯ್ತಿ’ ಎಂದೆ. ಸ್ವಲ್ಪ ಬಲಕ್ಕೆ ಎಂದೆ, ಅಷ್ಟಲ್ಲ ಎಂದೆ, ಗೋಡೆಗೆ ಆತುಕೊಂಡು ಹೋಗಬೇಕು ಎಂದೆ. ಕೊನೆಗೆ ‘ತಾ ಇಲ್ಲಿ, ಒಂದ್ಸಲ ತೋರಿಸ್ತೇನೆ’ ಎಂದು ಕೈಯಿಂದ ತೆಗೆದುಕೊಂಡೆ.

ಆ ಒಂದು ಸಲ ಹತ್ತು ದಿನವಾಯಿತು. ಮೊದಲನೇ ಮಜಲು ದಾಟಿಸಿ ತೋರಿಸಿದೆ. ಎರಡನೆಯದು ಅವಳಿಗೆ ಕಷ್ಟವಾಗಬಹುದೆಂದು ಮೊದಲೇ ದಾಟಿಸಿಟ್ಟೆ. ಏಳನೆಯದರಲ್ಲಿ ಸಿಕ್ಕಿಹಾಕಿಕೊಂಡಾಗ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೇ ಹೋದೆ. ಭಂಡಿಗಡಿ ಬಸ್ಸು ಹೋಗಿ ಬಾಳೆಹೊನ್ನೂರು ಬಸ್ಸು ಬರುವುದರೊಳಗೆ ಹನ್ನೆರಡು ನಿಮಿಷ ಬಿಡುವು, ಅಷ್ಟು ಸಾಕು. ಆಟದ ಮರ್ಮ ನನಗೆ ತಿಳಿದದ್ದು ಅಲ್ಲೇ. ಗೋಲಿಯನ್ನು ನೋಡುತ್ತ ಆಡಬಾರದು, ಮುಂದಿನ ಗುಂಡಿಯನ್ನು ನೋಡುತ್ತ ಆಡಬೇಕು. ತಿರುವಿನಲ್ಲಿ ಗೋಲಿಯನ್ನು ಮೂಲೆಗೆ ಒರಗಿಸಿ ಒಂದು ಉಸಿರು ಬಿಡಬೇಕು. ನಿಲ್ಲಿಸಬೇಕಾದರೆ, ಅದು ಓಡುತ್ತಿರುವಾಗಲೇ ಎದುರು ದಿಕ್ಕಿಗೆ ಕೂದಲೆಳೆಯಷ್ಟು ವಾಲಿಸಬೇಕು. ಎಲ್ಲಕ್ಕಿಂತ ದೊಡ್ಡ ಗುಟ್ಟೆಂದರೆ ಕೈಯನ್ನು ಆದಷ್ಟು ಅಲ್ಲಾಡಿಸಬಾರದು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ದೇವರ ದೀಪ ಹಿಡಿದವರ ಹಾಗೆ ನಿಲ್ಲಬೇಕು. ಇದನ್ನೆಲ್ಲ ಮನೆಗೆ ಬಂದು ಗಿರಿಜೆಗೆ ಪಾಠ ಹೇಳಿದೆ. ಕೈ ಅಲ್ಲಾಡಬೇಕೆಂದು ಡಾಕ್ಟರು ಕೊಟ್ಟ ಆಟಕ್ಕೆ ಕೈ ಅಲ್ಲಾಡಬಾರದೆಂಬ ಸೂತ್ರ ಕಂಡುಹಿಡಿದವನು ಈ ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅವಳು ಆ ಹತ್ತೂ ದಿನ ಲಟ್ಟಣಿಗೆ ಹಿಡಿದು ತಾನೇ ಅತ್ತಿತ್ತ ತಿರುಗಿಸಿಕೊಳ್ಳುತ್ತಿದ್ದಳು. ಟ್ಯಾಬ್ ಕೊಡಿ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಹನ್ನೊಂದನೇ ದಿನ ಮಗಳು ನನ್ನನ್ನು ನೋಡಿ, ಅಪ್ಪನ ಕೈ ಯಾವಾಗ ಮುರಿಯಿತು ಎಂದು ಕೇಳಿದಳು. ನಾಚಿಕೆಯಾಯಿತು. ಟ್ಯಾಬನ್ನು ಗಿರಿಜೆಗೆ ಒಪ್ಪಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಹತ್ತು ದಿನದ ನಷ್ಟ ಹೇಗೋ ತುಂಬಿಕೊಳ್ಳುತ್ತಿತ್ತು. ಆದರೆ ಅವಳು ಆಡಿದಾಗ ಗೋಲಿ ಮತ್ತೆ ಎಡಕ್ಕೇ ಓಡಿ ಬಿತ್ತು. ಅವಳ ಮುಖ ಸಣ್ಣದಾದದ್ದು ನೋಡಿ ನನಗೆ ತಡೆಯಲಿಲ್ಲ. ಪರದೆಯ ಮೂಲೆಯಲ್ಲಿ ಸೆಟ್ಟಿಂಗಿನ ಹಲ್ಲುಚಕ್ರದ ಗುರುತಿತ್ತು. ಒತ್ತಿದೆ. ಅದರೊಳಗೆ, ಈಗ ಹಿಡಿದಿರುವುದನ್ನೇ ಮಟ್ಟವೆಂದು ತಿಳಿಯಬೇಕೇ ಎಂದು ಆಟ ಕೇಳಿತು. ಹೌದು ಎಂದು ಒತ್ತಿದೆ. ಅಲ್ಲಿಗೆ ಗಿರಿಜೆಯ ಓರೆ ಅಂಗೈಯೇ ಸಮತಟ್ಟು ನೆಲವಾಯಿತು. ಅವಳು ಟ್ಯಾಬನ್ನು ಹೇಗೆ ಹಿಡಿದಿದ್ದಳೋ ಹಾಗೇ ಹಿಡಿದಿದ್ದಳು, ಗೋಲಿ ಮಾತ್ರ ಉರುಳದೆ ನಿಂತಿತು.

ಇದು ನನಗೆ ಹೊಸ ಬುದ್ಧಿಯಲ್ಲ. ನಮ್ಮ ನಿಲ್ದಾಣದ ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ. ಡ್ರೈವರುಗಳು ಸಮಯಕ್ಕೆ ಬರಲಿ ಎಂದು ನಾನೇ ಮುಂದಿಟ್ಟದ್ದು. ಗಡಿಯಾರ ಮುಂದಿದೆಯೆಂದು ಅವರಿಗೆ ತಿಳಿಯಲು ಒಂದು ವಾರ ಹಿಡಿಯಿತು. ಆಮೇಲೆ ಎಲ್ಲರೂ ಅದರ ಪ್ರಕಾರ ಐದು ನಿಮಿಷ ತಡವಾಗಿ ಬರತೊಡಗಿದರು. ನಾನೂ ಐದು ನಿಮಿಷ ಕಳೆದು ಪುಸ್ತಕದಲ್ಲಿ ಬರೆಯತೊಡಗಿದೆ. ಯಾರಿಗೂ ಜಗಳವಿಲ್ಲ. ಹೊರಗಿನ ಪ್ರಯಾಣಿಕರು ಮಾತ್ರ ಓಡಿ ಬಂದು ಏದುಸಿರು ಬಿಡುತ್ತ ನಿಲ್ಲುತ್ತಾರೆ. ಬಸ್ಸನ್ನು ತಿದ್ದುವುದಕ್ಕಿಂತ ಗಡಿಯಾರ ತಿದ್ದುವುದು ಸುಲಭವೆಂದು ಹೀಗೆ ಕಲಿತವನು ಮನೆಯಲ್ಲಿ ಬೇರೆ ಏನು ಮಾಡಿಯಾನು?

ಗಿರಿಜೆ ಗೆಲ್ಲತೊಡಗಿದಳು. ಹೊಲಿಗೆಯವಳ ಕಣ್ಣು, ಅಂದಾಜು ತಪ್ಪುವುದಿಲ್ಲ. ದಿನಕ್ಕೊಂದು ಮಜಲು ದಾಟಿದಳು. ಬಾವುಟ ಮುಟ್ಟಿದಾಗಲೆಲ್ಲ ಟ್ಯಾಬಿನಿಂದ ಗಂಟೆಯ ಸದ್ದು ಬರುತ್ತಿತ್ತು, ಅಡುಗೆಮನೆಯಿಂದ ನಾನು ಭಲೇ ಎನ್ನುತ್ತಿದ್ದೆ. ನೋವೂ ಇಲ್ಲ ಎಂದಳು. ನೋವಿಲ್ಲದ್ದು ಗುಣದ ಲಕ್ಷಣವೆಂದು ನಾನು ತೀರ್ಪು ಕೊಟ್ಟೆ. ನಡುವೆ ಒಂದು ಸಲ ನರಸಿಂಹರಾಜಪುರಕ್ಕೆ ಹೋಗಿ ತೋರಿಸಬೇಕಿತ್ತು. ಫೋನಿನಲ್ಲೇ ಹೇಳಿದರಾಯಿತೆಂದು ನಾನೇ ತಪ್ಪಿಸಿದೆ. ಇಪ್ಪತ್ತೆರಡನೇ ಮಜಲು ಎಂದು ಡಾಕ್ಟರಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವರಿಗೂ ಆಶ್ಚರ್ಯವಾಯಿತು. ಹಾಗಾದರೆ ಕೈ ಚೆನ್ನಾಗಿ ತಿರುಗುತ್ತಿದೆ, ಹೀಗೇ ಮುಂದುವರಿಸಿ ಎಂದರು.

ಒಂದೂವರೆ ತಿಂಗಳು ಮುಗಿದ ಮೇಲೆ ತೋರಿಸಲು ಹೊರಟೆವು. ಬಸ್ಸಿನಲ್ಲಿ ಪಕ್ಕದವರಿಗೆ ಗಿರಿಜೆಯ ಕೈಚಳಕ ಕಾಣಿಸಬೇಕೆಂದು ನನಗೆ ಹುರುಪು. ಆಡು ಎಂದು ಒತ್ತಾಯ ಮಾಡಿದೆ. ನಮ್ಮ ಕಡೆಯ ರಸ್ತೆ ಗೊತ್ತಲ್ಲ, ಒಂದು ತಿರುವಿನ ಬಾಲ ಹಿಡಿದು ಇನ್ನೊಂದು ತಿರುವು ಬರುತ್ತದೆ. ಗೋಲಿ ಗಿರಿಜೆಯ ಮಾತು ಬಿಟ್ಟು ಡ್ರೈವರನ ಮಾತು ಕೇಳತೊಡಗಿತು. ಒಂದು ದೊಡ್ಡ ತಿರುವಿನಲ್ಲಿ ಅದು ಬಾವುಟದ ಹತ್ತಿರ ಹೋಗಿ ತಾನೇ ಗೆದ್ದಿತು. ಪಕ್ಕದವರು ಅಕ್ಕನ ಕೈ ಭಾರಿ ಚುರುಕು ಎಂದು ಹೊಗಳಿದರು. ನಾನು ಉಬ್ಬಿಹೋದೆ. ಗಿರಿಜೆ ಟ್ಯಾಬನ್ನು ಮಡಿಲಲ್ಲಿ ಕವುಚಿ ಹಾಕಿ ಕಿಟಕಿಯ ಕಡೆ ನೋಡುತ್ತ ಕೂತಳು.

ಡಾಕ್ಟರು ಟ್ಯಾಬ್ ನೋಡುವ ಮೊದಲು ಕೈ ನೋಡಿದರು. ಅಂಗೈ ಮೇಲೆ ಮಾಡಿ ಎಂದರು. ಗಿರಿಜೆ ಮಾಡಿದಳು. ಇನ್ನೂ ಎಂದರು. ಅಷ್ಟೇ ಬಂತು, ಪ್ಲಾಸ್ಟರ್ ಬಿಚ್ಚಿದ ದಿನ ಎಷ್ಟು ಬಂದಿತ್ತೋ ಅಷ್ಟೇ. ಅವರು ಟ್ಯಾಬನ್ನು ಅವಳ ಅಂಗೈಯ ಮೇಲಿಟ್ಟು ನೋಡಿದರು, ಗೋಲಿ ಅಲ್ಲಾಡಲಿಲ್ಲ. ಅದನ್ನೇ ಎತ್ತಿ ಮೇಜಿನ ಮೇಲೆ ಮಟ್ಟಸವಾಗಿ ಇಟ್ಟರು. ಗೋಲಿ ಬಲಗಡೆಗೆ ಉರುಳಿ ಗುಂಡಿಗೆ ಬಿತ್ತು.

“ಇದನ್ನು ಯಾರು ಬದಲಾಯ್ಸಿದ್ದು?” ಎಂದರು.

ಗಿರಿಜೆ ನನ್ನ ಕಡೆ ನೋಡಲಿಲ್ಲ. “ನಾನೇ ಎಲ್ಲೋ ಒತ್ತಿರ್ಬೇಕು ಡಾಕ್ಟ್ರೇ. ನಂಗೆ ಇದೆಲ್ಲ ಎಂತದೂ ಗೊತ್ತಾಗಲ್ಲ” ಎಂದಳು.

ನಾನು ಆಗ ಬಾಯಿ ತೆರೆಯಬೇಕಿತ್ತು. ಊರಿನ ಡ್ರೈವರುಗಳಿಗೆಲ್ಲ ಹೇಳಲು ತೆರೆಯುವ ಬಾಯಿ ಅಲ್ಲಿ ತೆರೆಯಲಿಲ್ಲ. ಇನ್ನೂ ವ್ಯಾಯಾಮ ಮಾಡಬಹುದು, ಸ್ವಲ್ಪ ಬರುತ್ತದೆ, ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಕ್ಷಮಿಸು ಎಂದೆ. ನೀವೇನು ಬೇಕೂಂತ ಮಾಡಿದ್ದಾ ಎಂದು ಅವಳು ಚಪ್ಪಲಿ ಮೆಟ್ಟಿದಳು. ಬೈದಿದ್ದರೆ ಚೆನ್ನಾಗಿತ್ತು. ಈಗ ಆ ಆಟದ ಮಟ್ಟವನ್ನು ಮಗಳು ಸರಿಮಾಡಿಟ್ಟಿದ್ದಾಳೆ, ಗಿರಿಜೆ ದಿನಾ ಮೂರು ಹೊತ್ತು ಗೋಲಿ ಬೀಳಿಸುತ್ತಾಳೆ. ನಾನು ಆ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಕತ್ತರಿ ಆಡುತ್ತದೆ, ಮೆಷಿನ್ ತಿರುಗುತ್ತದೆ, ಹೊಲಿಗೆಗೆ ತೊಂದರೆಯಿಲ್ಲ. ಗಿರಾಕಿಗಳು ಚಿಲ್ಲರೆ ಕೊಟ್ಟರೆ ಮಾತ್ರ ಎಡಗೈ ಒಡ್ಡುತ್ತಾಳೆ, ಎಡಗೈ ಒಡ್ಡಿದ್ದಕ್ಕೆ ತಪ್ಪು ತಿಳ್ಕೊಬೇಡಿ ಎನ್ನುತ್ತಾಳೆ.

ಕಳೆದ ಶುಕ್ರವಾರ ಶೃಂಗೇರಿಗೆ ಹೋಗಿದ್ದೆವು. ಪೂಜೆ ಮುಗಿದು ತೀರ್ಥ ಕೊಡುವ ಸಾಲಿನಲ್ಲಿ ಗಿರಿಜೆ ನನ್ನ ಮುಂದೆ ನಿಂತಿದ್ದಳು. ದೇವರ ಮುಂದೆ ಎಡಗೈ ಒಡ್ಡುವ ಹಾಗಿಲ್ಲವಲ್ಲ. ಬಲಗೈ ಮುಂದೆ ಮಾಡಿದಳು. ಭಟ್ಟರು ಉದ್ಧರಣೆಯಿಂದ ಬಿಟ್ಟ ತೀರ್ಥ ಅವಳ ಓರೆ ಅಂಗೈಯಲ್ಲಿ ನಿಲ್ಲದೆ ಕಿರುಬೆರಳಿನ ಅಂಚಿನಿಂದ ಹರಿದು ಸೆರಗಿನ ಮೇಲೆ ಬಿತ್ತು. ಭಟ್ಟರೂ ವಯಸ್ಸಾದವರು ಪಾಪ, ‘ಕೈ ಸ್ವಲ್ಪ ಸರಿ ಹಿಡಿಯಮ್ಮ’ ಎಂದು ಮತ್ತೆ ಬಿಟ್ಟರು. ಮತ್ತೆ ಚೆಲ್ಲಿತು. ಸಾಲು ದೊಡ್ಡದಿತ್ತು. ಅವಳು ಒದ್ದೆಯಾದ ಬೆರಳನ್ನೇ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿದಳು. ಆಮೇಲೆ ನನ್ನ ಸರದಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಬಲಗೈ ಒಡ್ಡಿದೆ. ಮೂರು ಉದ್ಧರಣೆ ತೀರ್ಥ ನನ್ನ ಅಂಗೈಯಲ್ಲಿ ಅಲುಗಾಡದೆ ನಿಂತಿತು, ಒಂದು ಹನಿ ಚೆಲ್ಲಲಿಲ್ಲ. ಗಿರಿಜೆ ಅದನ್ನೇ ನೋಡುತ್ತಿದ್ದಳು.

“ನಿಮ್ಮ ಕೈ ಪೂರಾ ಗುಣ ಆಗಿದೆ ನೋಡಿ” ಎಂದಳು.

ಅವಳ ದನಿಯಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ತೀರ್ಥ ಕುಡಿದು, ಆ ಕೈಯನ್ನು ತಲೆಗೆ ಒರೆಸಿಕೊಂಡು ಅವಳ ಹಿಂದೆ ನಡೆದೆ.