ಐದು ಕುರ್ಚಿ, ಒಂದು ಪಾಯಿಂಟರು

ಕಂಪ್ಯೂಟರಿನ ಸಿ ಭಾಷೆ ಕಲಿಸುವವರು ನಗುವಿಗಾಗಿ ಎಲ್ಲಿಗೂ ಹೋಗಬೇಕಿಲ್ಲ. ಹೋಂವರ್ಕು ತಿದ್ದಲು ಕೂತರೆ ಸಾಕು. ಅಮೆರಿಕದ ಬೇ ಏರಿಯಾದ ಒಂದು ಕಾಲೇಜಿನಲ್ಲಿ ಶನಿವಾರ ಬೆಳಿಗ್ಗೆ ನಾನು ದೊಡ್ಡವರಿಗೆ ಪಾಠ ಮಾಡುತ್ತೇನೆ. ಈ ಸಲ ಸೇರಿದವರು ಐದೇ ಜನ. "ಕೊನೆಯ ಕ್ಲಾಸಿಗೆ ನಾನೇ ಬಂದು ಎಣಿಸುತ್ತೇನೆ. ಆರು ಜನ ಇರದಿದ್ದರೆ ಮುಂದಿನ ಟರ್ಮಿಗೆ ಈ ಕ್ಲಾಸಿಲ್ಲ" ಎಂದರು ವಿಭಾಗದ ಮುಖ್ಯಸ್ಥೆ, ಅಮೆರಿಕನ್ ಹೆಂಗಸು. ಈ ಕ್ಲಾಸೆಂದರೆ ನನಗೆ ಜೀವ. ಅಂದಿನಿಂದ ಊಟ ಸರಿಯಾಗಿ ಸೇರಲಿಲ್ಲ.

೧. ವಾಪಸ್ ಬಾರದ ಬೆರಳು

ಅರೇ ಎಂದರೆ ಸಂಖ್ಯೆಗಳನ್ನಿಡುವ ಮನೆಗಳ ಸಾಲು. ಪಾಯಿಂಟರು ಅದರ ಮೇಲಿಟ್ಟ ಬೆರಳು. ಒಂದು ಕೂಡಿಸಿದರೆ ಬೆರಳು ಪಕ್ಕದ ಮನೆಗೆ ಹೋಗುತ್ತದೆ. ಪಾಲೋ ಆಲ್ಟೋದಿಂದ ಬರುವ ಬೆಂಗಳೂರಿನವರೊಬ್ಬರು ಹೀಗೆ ಸರಿಸುತ್ತಾ ಐದು ಸಂಖ್ಯೆ ತುಂಬಿಸಿದರು. ಆಮೇಲೆ ಬೆರಳು ನಿಂತಲ್ಲಿಂದಲೇ, ಅಂದರೆ ಸಾಲಿನ ಆಚೆಯಿಂದ, ಪ್ರಿಂಟು ಮಾಡಿದರು. ಪರದೆಯ ತುಂಬ ಅರ್ಥವಿಲ್ಲದ ಅಂಕಿಗಳ ಕಸ.

"ಪಾಯಿಂಟರನ್ನ ಮತ್ತೆ ಮೊದಲಿಗೆ ತರಲಿಲ್ವಾ?" ಎಂದೆ.

"ಕೆಲಸ ಮುಗೀತಲ್ಲ ಮೇಡಂ, ವಾಪಸ್ ಹೋಗಿ ಯಾಕೆ ನೋಡ್ಬೇಕು?"

ಅವರು ಆಫೀಸಿನಲ್ಲಿ ಮ್ಯಾನೇಜರು ಎಂದು ಆಮೇಲೆ ತಿಳಿಯಿತು.

೨. ಬರೀ ವಾರ್ನಿಂಗು

ಟೈಪು ಮಾಡಿದ್ದನ್ನು ಎಲ್ಲಿಡಬೇಕೆಂದು ಕಂಪ್ಯೂಟರಿಗೆ ಅಡ್ರೆಸ್ಸು ಕೊಡಬೇಕು. ಪಾಯಿಂಟರೇ ಒಂದು ಅಡ್ರೆಸ್ಸು. ಹುಬ್ಬಳ್ಳಿಯ ಡಾಕ್ಟರಮ್ಮ ಅದರ ಮುಂದೆ ಅಡ್ರೆಸ್ಸಿನ ಗುರುತನ್ನು ಮತ್ತೊಮ್ಮೆ ಹಾಕಿದರು. ಬರೆದದ್ದನ್ನು ಕಂಪ್ಯೂಟರಿಗೆ ಅನುವಾದಿಸುವ ಕಂಪೈಲರು ಸಾಲುಸಾಲಾಗಿ ವಾರ್ನಿಂಗು ಕೊಟ್ಟಿತು. ಓಡಿಸಿದರು, ಪ್ರೋಗ್ರಾಮು ಕುಸಿದು ಬಿತ್ತು.

"ವಾರ್ನಿಂಗು ನೋಡಲಿಲ್ವಾ ಡಾಕ್ಟ್ರೇ?"

"ನೋಡೀನ್ರೀ. ಆದ್ರ ಎರರ್ ಅಲ್ಲಲ್ರೀ, ಬರೀ ವಾರ್ನಿಂಗು."

"ನಿಮ್ಮ ಪೇಷಂಟುಗಳು ಹೀಗೇ ಅಂದ್ರೆ?"

"ಎಲ್ಲಾರೂ ಹಂಗ ಅಂತಾರ್ರೀ" ಎಂದು ನಿಟ್ಟುಸಿರಿಟ್ಟು ಮತ್ತೊಮ್ಮೆ ಓಡಿಸಿದರು.

೩. ಪಂಕ್ತಿ

ಕೊನೆಯ ಕ್ಲಾಸು. ಐವರನ್ನೂ ಸಾಲಾಗಿ ಕೂರಿಸಿ, "ಇವರೇ ಅರೇ, ನಾನೇ ಪಾಯಿಂಟರು" ಎಂದು ಇಂಗ್ಲಿಷಿನಲ್ಲಿ ಸಾರಿ, ಚಕ್ಕುಲಿ ಡಬ್ಬಿ ಹಿಡಿದು ಹೊರಟೆ. ಮುಖ್ಯಸ್ಥೆ ಬಂದು ಅದೇ ಸಾಲಿನ ಆರನೇ ಕುರ್ಚಿಯಲ್ಲಿ ಕೂತರು. ನಾನು ಒಂದೊಂದು ಚಕ್ಕುಲಿ ಹಾಕಿದಂತೆ ಅವರು ನೋಟುಪುಸ್ತಕದಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದರು.

ಐದಕ್ಕೆ ನಿಲ್ಲಬೇಕಿತ್ತು. ಸಾಲು ಮುಗಿದಲ್ಲಿ ಪಾಯಿಂಟರು ನಿಲ್ಲಬೇಕು, ಪಾಠವೇ ಅದು. ಆದರೆ ಪಂಕ್ತಿಯಲ್ಲಿ ಕೂತವರನ್ನು ಬಿಟ್ಟು ಡಬ್ಬಿ ಮುಚ್ಚಿ ನನ್ನ ಕೈಗೆ ಅಭ್ಯಾಸವಿಲ್ಲ. ಮುಖ್ಯಸ್ಥೆಯ ಕೈಗೂ ಒಂದು ಚಕ್ಕುಲಿ ಹೋಯಿತು.

"ಮೇಡಂ, ಅರೇ ದಾಟಿಬಿಟ್ರಿ!" ಎಂದು ಮ್ಯಾನೇಜರು ಕುರ್ಚಿ ಬಿಟ್ಟು ಎದ್ದರು. ಇಡೀ ಟರ್ಮಿನಲ್ಲಿ ಅವರು ಕಂಡುಹಿಡಿದ ಮೊದಲ ತಪ್ಪು, ಅದೂ ನನ್ನದು. ಡಾಕ್ಟರಮ್ಮ, "ಇರ್ಲಿ ಬಿಡ್ರೀ, ಬರೀ ವಾರ್ನಿಂಗು" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮುಖ್ಯಸ್ಥೆ ತಮ್ಮ ಚಕ್ಕುಲಿಯನ್ನು ಕಚ್ಚಿ, ಅದಕ್ಕೂ ಒಂದು ಗೆರೆ ಎಳೆದು ಹೊರಟುಹೋದರು.

ಸೋಮವಾರ ಈಮೇಲು ಬಂತು: "ಹಾಜರಿದ್ದವರು ಆರು. ಕ್ಲಾಸು ಮುಂದುವರಿಯಲಿ."

ಸಾಲಿನ ಗಡಿ ದಾಟಿ ಎಣಿಸಿದರೆ ಎಂಥ ಅನಾಹುತವಾಗುತ್ತದೆಂದು ಇಡೀ ಟರ್ಮು ಗಂಟಲು ಹರಿದುಕೊಂಡವಳು ನಾನು. ಥ್ಯಾಂಕ್ಯೂ ಎಂದಷ್ಟೇ ಉತ್ತರ ಬರೆದೆ.